ಲಾಡಸಾಬ ಹೇಳದೆ ಬಿಟ್ಟ ಮಾತು

ಗಜೇಂದ್ರಗಡದ ಪೇಟೆಯಲ್ಲಿ ರಾತ್ರಿ ಕಾವಲಿನ ಕೆಲಸ ಬಿಟ್ಟ ಮೇಲೆ ಲಾಡಸಾಬ ದರ್ಗಾದ ಅಂಗಳ ಗುಡಿಸಿಕೊಂಡಿದ್ದ. ಅಲ್ಲಿನ ಹುಣಸೆ ಗಿಡದ ತುಂಬ ಬಾವಲಿಗಳು. ಅವು ತೋಟಗಳಿಂದ ತಂದು ಕಚ್ಚಿ ಕೆಡವಿದ ಪೇರಲ ಹಣ್ಣನ್ನು ಬಾಬಾನ ಪ್ರಸಾದವೆಂದು ಪ್ರತಿ ಶುಕ್ರವಾರ ಮಕ್ಕಳಿಗೆ ಹಂಚುವುದು ರೂಢಿ. ಕಚ್ಚಿದ ಹಣ್ಣೇ ಹೆಚ್ಚು ಸಿಹಿ ಎಂದು ದೊಡ್ಡವರೂ ಕೈಯೊಡ್ಡುತ್ತಿದ್ದರು.

ಚಿಕುನ್‌ಗುನ್ಯಾ ಊರನ್ನೇ ಮಲಗಿಸಿದ ಮರುವರ್ಷ, ರೋಣದ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದ ಅಣ್ಣನ ಮಗಳು ಆಸಿಫಾ ಅವನ ಕೈಯಿಂದ ಹಣ್ಣು ಕಸಿದುಕೊಂಡಳು.

“ಇದನ್ನ ಹಂಚಬ್ಯಾಡ ಚಾಚಾ. ಬಾವಲಿ ಜೊಲ್ಲಿನ್ಯಾಗ ವೈರಸ್ ಇರಬಹುದು.”

“ಹಂಗಿದ್ರ ಅವ್ಯಾಕ ಸಾಯಂಗಿಲ್ಲ?”

“ನಿನ್ನ ಕಾವಲು ನೆನಸ್ಕೊ. ಮೈಯೊಳಗೂ ವಾಚ್‌ಮನ್ ಇರ್ತಾರ. ಕಳ್ಳ ಬಂದ್ರ ಸೀಟಿ ಊದ್ತಾರ. ವೈರಸ್ ಆ ಸೀಟಿಗೆ ಅರಿವಿ ತುರುಕತೈತಿ.”

“ವಾಚ್‌ಮನ್ ನನ್ನಂಗ ಮಲಗಿದ್ರ ಅರಿವೀನೂ ಬೇಕಾಗಿಲ್ಲ ಬಿಡು.”

ಆಸಿಫಾ ನಕ್ಕಳು. “ಬಾವಲಿ ಮೈಯಾಗಿನವ್ರು ಮಲಗಂಗಿಲ್ಲ. ಸೀಟಿ ಸದಾ ತುಟಿಮ್ಯಾಲ. ಒಬ್ಬನ ಬಾಯಿ ಮುಚ್ಚಿದ್ರ ಇನ್ನೊಬ್ಬ ಊದ್ತಾನ. ಹಂಗಂತ ಕಳ್ಳನ್ನ ಹಿಡಿಯಾಕ ಓಣಿಗೇ ಬೆಂಕಿ ಹಚ್ಚಂಗಿಲ್ಲ. ಕಳ್ಳ ಮೂಲ್ಯಾಗ ಮುದುಡಿ ಕುಂತಿರ್ತಾನ. ನಾವು ಆ ಎಂಜಲ ತಿನ್ನದಿದ್ರ ಸಾಕು. ಅವು ತಮ್ಮ ಪಾಡಿಗೆ ಇರ್ಲಿ.”

ಮುಂದಿನ ಶುಕ್ರವಾರ ಹಣ್ಣಿರಲಿಲ್ಲ. ನೆರೆಮನೆಯ ಮಾಬೂಬಿ ಕೇಳಿದಳು, “ಯಾಕೋ ಲಾಡ್ಯಾ, ಎಲ್ಲಾ ನೀನ ನುಂಗಿದೇನು?”

ಲಾಡಸಾಬ ಆಸಿಫಾಳ ಕಳ್ಳನ ಕಥೆ ಹೇಳತೊಡಗಿದ. ಒಬ್ಬೊಬ್ಬರೇ ಬಂದು ಕೂತರು. ಇಷ್ಟು ವರ್ಷ ಅವನ ಮಾತನ್ನು ಯಾರೂ ಕೂತು ಕೇಳಿದ್ದಿಲ್ಲ. ಕಳ್ಳ ಸೀಟಿಗೆ ಅರಿವೆ ತುರುಕಿ ಒಳಹೊಕ್ಕಲ್ಲಿಗೆ ಬಂದಾಗ ಎಲ್ಲರ ಕಣ್ಣೂ ಗಿಡದ ಮೇಲೆ. ಆ ನಿಶ್ಶಬ್ದ ಅವನಿಗೆ ರುಚಿಸಿತು. ಅಲ್ಲಿಗೇ ನಿಲ್ಲಿಸಿದ.

ಆ ವಾರ ಮಾಬೂಬಿಯ ಮೊಮ್ಮಗನಿಗೆ ಜ್ವರ ಬಂತು. ಲಾಡಸಾಬ ಇಟಗಿಗೆ ಹೋಗಿ ಬರುವಷ್ಟರಲ್ಲಿ ಓಣಿಯವರು ಗಿಡದ ಬುಡದಲ್ಲಿ ಟೈರು ಸುಟ್ಟಿದ್ದರು. ಬಾವಲಿಗಳು ಮರಿಗಳನ್ನು ಎದೆಗವಚಿಕೊಂಡು ಹಾಡಹಗಲೇ ಎದ್ದು ಹೋದವಂತೆ. ಹುಡುಗನಿಗೆ ಬಂದದ್ದು ಟೈಫಾಯ್ಡ್ ಎಂದು ದವಾಖಾನೆಯಲ್ಲಿ ಆಮೇಲೆ ತಿಳಿಯಿತು.

“ಎಂಜಲ ತಿನ್ನದಿದ್ರ ಸಾಕಿತ್ತಂತ. ಆಸಿಫಾ ಈಗ ಹೇಳಿದ್ಲು,” ಎಂದಳು ಮಾಬೂಬಿ, ಸುಟ್ಟ ಬುಡ ನೋಡುತ್ತ. “ಅದೊಂದು ಮಾತು ನೀ ಅವತ್ತ ಅಂದಿದ್ರ...”

“ನೀವೆಲ್ಲ ಕೇಳಾಕ ಕುಂತಿದ್ರಿ ಆಪಾ. ನಾನ ನಿಲ್ಲಿಸಿದ್ನಿ.”

ಈಗಲೂ ಅವನು ದಿನಾ ಗುಡಿಸುತ್ತಾನೆ. ಕಸಬರಿಗೆಗೆ ಸಿಗುವುದು ಹುಣಸೆಯ ಸಣ್ಣ ಎಲೆಗಳಷ್ಟೇ. ಮಕ್ಕಳು ಬಾವಲಿಯ ಕಥೆ ಕೇಳಿದರೆ ಅವನು ಕೊನೆಯ ಮಾತಿನಿಂದಲೇ ಶುರುಮಾಡುತ್ತಾನೆ. ಮಕ್ಕಳು ಖಾಲಿ ಕೊಂಬೆಗಳನ್ನು ಒಮ್ಮೆ ನೋಡಿ, ಕಥೆಯೊಳಗೆ ಕಳ್ಳ ಬರುವ ಮೊದಲೇ ಎದ್ದು ಹೋಗುತ್ತಾರೆ.