ಮೇಷ್ಟ್ರು ಬರೆಸಿದ ಸ್ವಂತ ಅಭಿಪ್ರಾಯ

ಶಿರಾ ತಾಲ್ಲೂಕಿನ ಗೌಡಗೆರೆಗೆ ಒಂದು ಹರದಾರಿ ದೂರದ ಊರಿನಲ್ಲಿ ಚನ್ನಮಲ್ಲಯ್ಯ ಮೇಷ್ಟ್ರು ಹತ್ತೊಂಬತ್ತು ವರ್ಷ ಪಾಠ ಹೇಳಿದ್ದರು. ಅಷ್ಟೂ ವರ್ಷ ಅವರ ಶಾಲೆಯಲ್ಲಿ ಯಾರಿಗೂ ಅಭಿಪ್ರಾಯ ಎಂಬ ಕಾಯಿಲೆ ತಗುಲಿರಲಿಲ್ಲ. ಮೇಷ್ಟ್ರು ಹೇಳುವುದು, ಮಕ್ಕಳು ಒಟ್ಟಾಗಿ ಕೂಗುವುದು, ತಪ್ಪಿದವರಿಗೆ ಹುಣಿಸೆ ಬರಲಿನ ಏಟು. ಎಲ್ಲವೂ ಸುಸೂತ್ರವಾಗಿತ್ತು.

ಅಷ್ಟರಲ್ಲಿ ಮೇಲಿನಿಂದ ಒಂದು ಸುತ್ತೋಲೆ ಬಂತು. ಮಕ್ಕಳು ಯಾವ ವಿಷಯವನ್ನೇ ಆಗಲಿ ಎರಡೂ ಕಡೆಯಿಂದ ಯೋಚಿಸಬೇಕು, ಸ್ವಂತ ಅಭಿಪ್ರಾಯ ಹೇಳಿ ಅದಕ್ಕೆ ಕಾರಣ ಕೊಡಬೇಕು. ತಿಂಗಳೊಪ್ಪತ್ತಿನಲ್ಲಿ ಇನ್‌ಸ್ಪೆಕ್ಟರು ಬಂದು ಪರೀಕ್ಷಿಸುತ್ತಾರೆ. ಹೆಡ್‌ಮೇಷ್ಟ್ರ ಕುರ್ಚಿಗೆ ಚನ್ನಮಲ್ಲಯ್ಯನವರ ಹೆಸರು ಆಗಷ್ಟೇ ಹೋಗಿತ್ತು. ಇನ್‌ಸ್ಪೆಕ್ಟರು ಮೂಗು ಮುರಿದರೆ ಅದು ಕೈತಪ್ಪುತ್ತಿತ್ತು.

ಮೇಷ್ಟ್ರು ಎದೆಗುಂದಲಿಲ್ಲ. 'ದನ ಮೇಲೋ ಕುರಿ ಮೇಲೋ' ಎಂಬ ವಿಷಯ ಆರಿಸಿ, ಎಲ್ಲರ ಸ್ವಂತ ಅಭಿಪ್ರಾಯವನ್ನೂ ತಾವೇ ಬರೆದು, ಉಕ್ತಲೇಖನ ಕೊಟ್ಟು, ಬಾಯಿಪಾಠ ಮಾಡಿಸಿದರು. ಬಲಗಡೆಯ ಸಾಲು ದನದ ಪರ, ಎಡಗಡೆಯ ಸಾಲು ಕುರಿಯ ಪರ. ಊರ ಪಟೇಲರ ಕೊಟ್ಟಿಗೆ ತುಂಬ ದನವಿದ್ದದ್ದರಿಂದ ದನಕ್ಕೆ ಒಂಬತ್ತು ಕಾರಣ ಸಿಕ್ಕವು. ಕುರಿಗೆ ಒಂದೇ: 'ಕುರಿಯು ದಡ್ಡ ಪ್ರಾಣಿಯಾದರೂ ದೇವರ ಸೃಷ್ಟಿಯೇ ಆಗಿದೆ.' ಇಷ್ಟು ನಿಷ್ಪಕ್ಷಪಾತವಾಗಿ ಯೋಚಿಸಿದ್ದಕ್ಕೆ ಅವರಿಗೆ ತಮ್ಮ ಮೇಲೆಯೇ ಹೆಮ್ಮೆಯಾಯಿತು. ಆ ವಾಕ್ಯ ಕುರಿ ಕಾಯುವ ಬೋರಪ್ಪನ ಮಗಳು ನಾಗಕ್ಕನ ಪಾಲಿಗೆ ಬಂತು.

ಇನ್‌ಸ್ಪೆಕ್ಟರು ಬಂದು, ಕುರ್ಚಿಗೆ ಹಾಸಿದ್ದ ಕರಿ ಕಂಬಳಿಯ ಮೇಲೆ ಕೂತರು. ಬಲಗಡೆಯ ಸಾಲು ಒಂಬತ್ತು ಕಾರಣಗಳನ್ನೂ ಒಂದೇ ಉಸಿರಿಗೆ ಒದರಿತು. ನಾಗಕ್ಕ ಎದ್ದು, "ಕುರಿಯು ದಡ್ಡ ಪ್ರಾಣಿಯಾದರೂ..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

"ಮುಂದೆ ಹೇಳಮ್ಮ," ಎಂದರು ಇನ್‌ಸ್ಪೆಕ್ಟರು.

"ಇದು ಮೇಷ್ಟ್ರು ಬರ್ಸಿದ್ದು ಸಾಮಿ. ನಾನು ಅಂದ್ಕಂಡಿರೋದು ಬ್ಯಾರೆ ಐತೆ. ಅದ್ನ ಹೇಳ್ಲಾ?"

ಹೆಡ್‌ಮೇಷ್ಟ್ರ ಕುರ್ಚಿ ಬಾಗಿಲು ದಾಟಿ ಹೋಗುತ್ತಿರುವುದು ಚನ್ನಮಲ್ಲಯ್ಯನವರ ಕಣ್ಣಿಗೆ ಕಟ್ಟಿತು. ಇನ್‌ಸ್ಪೆಕ್ಟರು ಹೇಳೆಂದು ತಲೆಯಾಡಿಸಿದರು.

"ಬಿತ್ತೋಕ್ ಮುಂಚೆ ಪಟೇಲ್ರು ನಮ್ಮ ಹಟ್ಟಿಗೆ ಬಂದು, ಹೊಲದಾಗೆ ಮಂದೆ ನಿಲ್ಸು ಬೋರಪ್ಪ ಅಂತಾರೆ. ಕುರಿ ಗೊಬ್ರ ಬೀಳ್ದಿದ್ರೆ ಅವ್ರ ರಾಗಿ ಮೊಣಕಾಲುದ್ದನೂ ಬರಲ್ಲ. ನೀವು ಕುಂತಿರೋ ಕಂಬ್ಳಿನೂ ಕುರಿದೇಯ. ಆದ್ರೆ ಎತ್ತಿಲ್ದಿದ್ರೆ ಆ ಹೊಲ ಉಳೋರ್ಯಾರು? ಅದ್ಕೇ ಎರಡೂ ಬೇಕು ಅಂತೀನಿ ನಾನು."

ಇನ್‌ಸ್ಪೆಕ್ಟರು ಕಂಬಳಿಯನ್ನು ಒಮ್ಮೆ ಮುಟ್ಟಿ ನೋಡಿ ನಕ್ಕರು. ಮೇಷ್ಟ್ರ ಎದುರಿಗೇ ಹೀಗೆ ಹೇಳುವ ಧೈರ್ಯವನ್ನು ಮೇಷ್ಟ್ರೇ ಕೊಟ್ಟಿರಬೇಕೆಂದು ಪಾಪ, ಅವರು ನಂಬಿದರು. ಈ ಉಪಾಧ್ಯಾಯರು ಮಕ್ಕಳಿಗೆ ಸ್ವತಂತ್ರವಾಗಿ ಯೋಚಿಸುವುದನ್ನು ಕಲಿಸಿದ್ದಾರೆ ಎಂದು ಶಾಲೆಯ ಪುಸ್ತಕದಲ್ಲಿ ಬರೆದು ಜಟಕಾ ಹತ್ತಿದರು.

ಎರಡು ತಿಂಗಳಿಗೆ ಕುರ್ಚಿ ಬಂತು. ಹೊಸ ಹೆಡ್‌ಮೇಷ್ಟ್ರು ಉಪಕಾರ ಮರೆಯುವವರಲ್ಲ. ನಾಗಕ್ಕನ ಮಾತುಗಳನ್ನು ಶುದ್ಧ ಭಾಷೆಗೆ ತಿದ್ದಿ, ಇಡೀ ಶಾಲೆಗೆ ಉಕ್ತಲೇಖನ ಕೊಟ್ಟರು. ಸೋಮವಾರ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಎದ್ದು ಒಪ್ಪಿಸಿದರು. ನಾಗಕ್ಕನ ಸರದಿ ಬಂದಾಗ ಅವಳು ತಲೆ ಕೆರೆದುಕೊಂಡಳು.

"ಆವತ್ತು ಮೇಕೆ ಮರ್ತಿದ್ದೆ ಮೇಷ್ಟ್ರೇ. ಮೇಕೆ ಸೇರಿಸ್ಕಂಡ್ರೆ ನನ್ನ ಮಾತು ಬದ್ಲಾಯ್ತದೆ."

ಸಂಜೆ ಮಿಕ್ಕ ಮಕ್ಕಳು ಮನೆಗೆ ಹೋದರು. ತನ್ನ ಸ್ವಂತ ಅಭಿಪ್ರಾಯವನ್ನು ತಪ್ಪಾಗಿ ಒಪ್ಪಿಸಿದ ನಾಗಕ್ಕ ಮಾತ್ರ ಅದನ್ನು ಹತ್ತು ಸಲ ಬರೆಯುತ್ತ ಕೂತಿದ್ದಳು.