ಅರ್ಧ ಮನೆಯ ಶಂಕ್ರೆವ್ವ

ಇಬ್ರಾಹಿಂಪುರದಲ್ಲಿ ರೈಲು ಹಳಿ ದಾಟಿದ ಮೇಲೆ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಅದು ಶಂಕ್ರೆವ್ವನ ಮನೆ. ಬೈಗುಳ ಕೇಳಿದರೂ ಅದೇ ಮನೆ. ಎರಡೂ ಒಟ್ಟಿಗೇ ಕೇಳಿದವೋ, ತಮ್ಮ ಸಿದ್ದರಾಮ ಒಳಗಿದ್ದಾನೆಂದು ತಿಳಿಯಬೇಕು.

ಗಂಡ ತೀರಿಕೊಂಡ ವರ್ಷವೇ ಆಕೆ ಘೋಣಸಗಿಯಿಂದ ತವರಿಗೆ ಬಂದಳು. ಆಗ ಸಿದ್ದರಾಮನಿಗೆ ಒಂಬತ್ತು ವರ್ಷ. ಅಪ್ಪ ಸಾಯುವ ಮೊದಲು ಮೂರು ಖೋಲಿಯ ಮನೆಯನ್ನು ಅಕ್ಕ ತಮ್ಮ ಇಬ್ಬರ ಹೆಸರಿಗೂ ಸಮನಾಗಿ ಬರೆದ. ದಿನಕ್ಕೆ ಮುನ್ನೂರು ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಶಂಕ್ರೆವ್ವ ತಮ್ಮನನ್ನು ಓದಿಸಿದಳು, ರಾಜೇಶ್ವರಿಯನ್ನು ತಂದು ಮದುವೆಯನ್ನೂ ಮಾಡಿದಳು. "ಸಾಲಿ ಕಲಿಸೇನಿ ಖರೆ, ಶಾಣ್ಯಾ ಮಾಡಾಕ ಆಗಲಿಲ್ಲ ನೋಡವ್ವಾ," ಎಂದು ಓಣಿಗೆಲ್ಲ ಹೇಳುತ್ತಿದ್ದಳು.

ಅದೇನು ಸುಳ್ಳಲ್ಲ. ಸಿದ್ದರಾಮ ತಿಕೋಟಾದಲ್ಲಿ ದ್ರಾಕ್ಷಿ ತುಂಬುವ ರಟ್ಟಿನ ಪೆಟ್ಟಿಗೆಗಳ ಅಂಗಡಿ ಇಟ್ಟ. ನಾಲ್ಕು ಕಾಸು ಕಂಡ ಕೂಡಲೇ ಬಬಲೇಶ್ವರದಲ್ಲಿ ಇನ್ನೊಂದು. ಆದರೆ ಆ ಮನುಷ್ಯನ ಬಾಯಲ್ಲಿ 'ಇಲ್ಲ' ಅನ್ನುವ ಮಾತೇ ಹುಟ್ಟುತ್ತಿರಲಿಲ್ಲ. ಕೇಳಿದವರಿಗೆಲ್ಲ ಉದ್ರಿ! ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಅಂತ ಹಿರಿಯರು ಸುಮ್ಮನೆ ಹೇಳಿದರೇ? ಸಾಲದ ಮೇಲೆ ಸಾಲ ಮಾಡಿದ. ಅಕ್ಕನಿಗೊಂದು ಮಾತೂ ಹೇಳದೆ ಮನೆಯಲ್ಲಿನ ತನ್ನ ಪಾಲನ್ನು ಒಂದು ಸೊಸೈಟಿಗೆ ಅಡವಿಟ್ಟ. ಕಡೆಗೆ ಕೋರ್ಟಿನಲ್ಲಿ ನಿಂತು ದಿವಾಳಿ ಅನ್ನಿಸಿಕೊಂಡ. ಸಾಲ ಕೊಟ್ಟ ಉಳಿದವರು ಕೈ ಹಿಸುಕಿಕೊಂಡು ಸುಮ್ಮನಾದರು, ಅಡವು ಹಿಡಿದಿದ್ದ ಸೊಸೈಟಿ ಬಿಟ್ಟೀತೇ? ಅವನ ಪಾಲನ್ನು ಲಿಲಾವಿಗೆ, ಅಂದರೆ ಹರಾಜಿಗೆ, ಹಾಕಿಸಿತು.

ಕೋರ್ಟಿನ ಅಮೀನ ಅಶ್ಫಾಕ ನೋಟಿಸು ಅಂಟಿಸಲು ಬಂದಾಗ ಶಂಕ್ರೆವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಅಡ್ಡ ನಿಂತಳು.

"ಅವನ ಅರ್ಧಕ್ಕ ಹಚ್ಚಪಾ. ನನ್ನ ಅರ್ಧಕ್ಕ ಮೊನ್ನೆರೆ ಸುಣ್ಣಾ ಬಳದೇನಿ."

"ಅವರ ಅರ್ಧ ಯಾವ್ದರಿ ಯವ್ವಾ?"

"ನನ್ನ ಕೇಳ್ತಿ? ಕಾಗದಾ ತಂದಾವ ನೀನು!"

"ಮನಿ ಪಾಲಾಗಿಲ್ಲರಿ. ಒಂದೊಂದು ಇಟ್ಟಂಗಿನೂ ಅರ್ಧ ನಿಮ್ಮದು, ಅರ್ಧ ಅವರದು."

ಶಂಕ್ರೆವ್ವ ಗೋಡೆಯನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಅವನಿಗೆ ಎರಡು ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು, ಎಲ್ಲಿ ಬೇಕಾದಲ್ಲಿ ಹಚ್ಚು ಎಂದಳು.

ಪಕ್ಕದ ಮನೆಯ ಪೀರಸಾಬನ ಮಗಳು ಸುಮಯ್ಯಾ ಹೊಸದಾಗಿ ಕರಿ ಕೋಟು ಹಾಕಿದ ವಕೀಲೆ. ಮುಂದೇನಾಗುತ್ತದೆಂದು ಅವಳೇ ಬಿಡಿಸಿ ಹೇಳಿದಳು. ಅರ್ಧ ಕೊಂಡವನು ನಾಳೆ ನನ್ನ ಪಾಲು ಬೇರೆ ಮಾಡಿಕೊಡಿ ಎಂದು ಕೋರ್ಟಿಗೆ ಹೋಗಬಹುದು. ಮೂರು ಖೋಲಿಯನ್ನು ಸೀಳಲು ಬರುವುದಿಲ್ಲ. ಆಗ ಇಡೀ ಮನೆಯೇ ಮಾರಾಟವಾಗಿ ಅಕ್ಕ, ತಮ್ಮ, ರಾಜೇಶ್ವರಿ ಎಲ್ಲರೂ ಬೀದಿಗೆ.

ಆ ದಿನದಿಂದ ಸಿದ್ದರಾಮ ಅಕ್ಕನ ಎದುರು ಬರುವುದನ್ನೇ ಬಿಟ್ಟ. ಅವಳು ಒಲೆ ಹೊತ್ತಿಸುವ ಮೊದಲೇ ಮನೆ ಬಿಡುತ್ತಿದ್ದ. ಅವಳು ಕಾಣದ ತಮ್ಮನನ್ನು ಹೆಂಚಿನ ಮುಂದೆ ಕುಳಿತು ಬೈಯುತ್ತಿದ್ದಳು, ಬೈಯುತ್ತಲೇ ಅವನಿಗಾಗಿ ನಾಲ್ಕು ತೆಳ್ಳಗಿನ ರೊಟ್ಟಿ ಬೇರೆ ಎತ್ತಿಡುತ್ತಿದ್ದಳು. ದಪ್ಪ ರೊಟ್ಟಿ ಅವನಿಗೆ ಸೇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಸುಮಯ್ಯಾ ಓಡಿ ಬಂದಳು. "ದೊಡ್ಡವ್ವಾ, ಕಾಯ್ದೆದಾಗ ಒಂದು ಮಾತು ಸಿಕ್ಕೈತ್ರಿ! ಇಂಥಾ ಲಿಲಾವಿನ್ಯಾಗ ಹೊರಗಿನವರೂ ಮನಿ ಪಾಲುದಾರ್ರೂ ಒಂದ ರಕಮು ಕೂಗಿದ್ರ, ಪಾಲುದಾರ್ರದ್ದ ಗೆಲ್ಲತೈತಿ."

"ಅಂದ್ರ ನಾ ಹೆಚ್ಚಿಗಿ ಕೂಗೂದು ಬ್ಯಾಡ?"

"ಬ್ಯಾಡ್ರಿ. ಅವರು ಎಷ್ಟು ಅಂತಾರ, ಅಷ್ಟ ಅನ್ರಿ ಸಾಕು. ಆದ್ರ ಎಂಟು ಲಕ್ಷ ದಾಟಿದ ಮ್ಯಾಲೆ ಬಾಯಿ ಮುಚ್ಚಬೇಕ್ರಿ." ಮೂವತ್ತು ವರ್ಷದ ಉಳಿತಾಯ, ಕೈಯ ಬಂಗಾರದ ಪಾಟ್ಲಿ, ಎಲ್ಲ ಕೂಡಿದರೂ ಶಂಕ್ರೆವ್ವನ ಹತ್ತಿರ ಇದ್ದದ್ದು ಅಷ್ಟೇ.

ಲಿಲಾವಿನ ದಿನ ಕೋರ್ಟಿನ ಅಂಗಳಕ್ಕೆ ಹೊನವಾಡದ ಗುರಲಿಂಗಪ್ಪ ಸಾಹುಕಾರರು ಬಂದಿದ್ದರು. ಹಳಿಯ ಹತ್ತಿರ ಗೋದಾಮು ಕಟ್ಟುವ ಮನಸ್ಸು ಅವರಿಗೆ.

"ಆರು ಲಕ್ಷ," ಎಂದರು.

"ನಂದೂ ಅಷ್ಟರಿ," ಎಂದಳು ಶಂಕ್ರೆವ್ವ.

"ಆರೂವರಿ."

"ನಂದೂ ಅಷ್ಟ."

ಮಂದಿ ನಗಲು ಶುರುಮಾಡಿದರು. ಏಳಾಯಿತು, ಏಳೂವರೆಯಾಯಿತು. ಸಾಹುಕಾರರ ಮೂಗಿನ ತುದಿಗೆ ಸಿಟ್ಟು ಬಂತು. "ಅಲ್ಲೋ ಅಮೀನ, ನಾ ಏಣಿ ಹತ್ತಕೋತ ಹೋಗೂದು, ಈಕಿ ಹಿಂದ ಬಂದು ನಿಂದ್ರೂದು! ಇದೆಂಥಾ ನ್ಯಾಯ?"

"ಕಾಯ್ದೆನ ಹಂಗ ಐತ್ರಿ ಸಾಹುಕಾರ್ರ," ಎಂದ ಅಶ್ಫಾಕ.

"ಎಂಟು!"

"ನಂದೂ ಅಷ್ಟರಿ."

"ಎಂಟೂ ಕಾಲು!"

ಸುಮಯ್ಯಾ ಹಿಂದಿನಿಂದ ಸೆರಗು ಜಗ್ಗಿದಳು. ಶಂಕ್ರೆವ್ವನಿಗೆ ಗೊತ್ತಾಗಲಿಲ್ಲವೆಂದಲ್ಲ. ಇನ್ನೊಂದು ಸಲ ಏರಿಸಿದರೆ ಎಲ್ಲಿಂದ ತರಲಿ, ಶಿವನೇ! ಆದರೂ ಸೆರಗು ಬಿಡಿಸಿಕೊಂಡು ತಲೆ ಎತ್ತಿ ಹೇಳಿಯೇಬಿಟ್ಟಳು: "ನಂದೂ ಅಷ್ಟ."

ಗುರಲಿಂಗಪ್ಪ ಬಹಳ ಹೊತ್ತು ಅವಳ ಸುಟ್ಟ ಬೆರಳುಗಳನ್ನು ನೋಡಿದರು. "ಸಾಕು ಬಿಡ್ರಿ. ಈ ತಾಯಿ ಕೂಡ ಜಿದ್ದು ನನ್ನ ಕೈಲೆ ಆಗೂದಿಲ್ಲ," ಎಂದು ಟವಲು ಕೊಡವಿ ಹೊರಟೇಬಿಟ್ಟರು. ಕೆಟ್ಟ ಮನುಷ್ಯರೇನಲ್ಲ ಅವರು.

ರಕಮಿನ ಕಾಲು ಭಾಗ ಅಲ್ಲೇ ಕಟ್ಟಿದ್ದಾಯಿತು. ಉಳಿದದ್ದಕ್ಕೆ ಹದಿನೈದು ದಿನ. ಕಡಿಮೆ ಬೀಳುವ ಇಪ್ಪತ್ತೈದು ಸಾವಿರ ಕೈಗಡ ಕೊಡುತ್ತೇನೆಂದು ಪೀರಸಾಬ ನಿಂತ ನಿಲುವಿನಲ್ಲೇ ಒಪ್ಪಿದ. ಶಂಕ್ರೆವ್ವ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊರಬಂದರೆ ಮೆಟ್ಟಿಲ ಕೆಳಗೆ ಸಿದ್ದರಾಮ ನಿಂತಿದ್ದ. ಎಷ್ಟೋ ದಿನದ ಮೇಲೆ ಅವನ ಮುಖ ಕಂಡಿತ್ತು. ಬತ್ತಿಹೋಗಿತ್ತು.

"ಯಕ್ಕಾ, ಇನ್ನ ಪೂರಾ ಮನಿ ನಿಂದ ಆತು. ನಾವು ಬಾಡಗಿ ಖೋಲಿ ಹುಡಿಕ್ಯಾಡ್ತೇವಿ. ಯಾವ ಮುಖಾ ಇಟ್ಕೊಂಡು ಅಲ್ಲಿ ಇರ್ಲಿ?"

"ಇದ್ದ ಮುಖಾನ ತಗೊಂಡು ಬಾರೋ ಖೋಡಿ! ಬ್ಯಾರೇದು ಕೊಡಸಾಕ ನನ್ನ ಹತ್ರ ದಮ್ಮಡಿ ಉಳದಿಲ್ಲ."

ಸುತ್ತಲಿದ್ದವರು ನಕ್ಕರು. ಬೈಗುಳದ ಮಳೆ ಇನ್ನು ಸುರಿಯುತ್ತದೆಂದು ಸುಮಯ್ಯಾ ಕಾದಳು. ಸುರಿಯಲಿಲ್ಲ. ಶಂಕ್ರೆವ್ವ ಮೆಟ್ಟಿಲ ಮೇಲೆ ಕುಸಿದು ಕುಳಿತು, ಕೋರ್ಟಿನ ಮಂದಿಯೆಲ್ಲ ನೋಡುತ್ತಿದ್ದಂತೆ ಗಟ್ಟಿಯಾಗಿ ಅತ್ತುಬಿಟ್ಟಳು.

"ಒಬ್ಬಾಕಿಗೆ ಅರ್ಧ ಮನಿನ ಹೆಚ್ಚಾಗಿತ್ತಲ್ಲೋ ಸಿದ್ದಾ," ಎಂದಳು. "ಉಳದ ಅರ್ಧ ಯಾರ ಸಲುವಾಗಿ ಕೊಂಡೆ ಅಂತ ತಿಳದಿ?"