ಆಯಿ ಒಪ್ಪಿಸಿ ಹೋದ ಹಾಗಲ ಬೀಜ

ನಾನು ಏಳು ಹಾಗಲ ಬೀಜಗಳನ್ನು ಕೊಂದಿದ್ದೇನೆ. ಇಂದು ಅಡುಗೆಮನೆಯ ಬಟ್ಟಲಿನಿಂದ ಬಂದ ಕೊಳೆತ ವಾಸನೆ ನನ್ನ ಬಾಯಿ ಬಿಡಿಸಿತು.

ನಾನು ಚಿಕ್ಕವನಿದ್ದಾಗ ಬೀಳಗಿಯ ಮನೆಯಲ್ಲಿ ಅಜ್ಜಿ, ನಮ್ಮ ಆಯಿ, ತಾನು ಕಾಪಾಡಿಕೊಂಡು ಬಂದ ಹಾಗಲ ತಳಿಯ ಕೊನೆಯ ಏಳು ಬೀಜಗಳನ್ನು ಕಲ್ಲಿಗೆ ತಿಕ್ಕಿ, ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿದ್ದಳು. “ಬಟ್ಟಿ ಒಣಗದಂಗ ನೋಡಕೋ” ಎಂದು ನನಗೊಪ್ಪಿಸಿ ಗಲಗಲಿ ಊರಿಗೆ ಹೋದಳು. ಪದೇಪದೇ ನೀರು ಚಿಮುಕಿಸಲು ಬೇಸರವಾಗಿ, ಗಂಟನ್ನೇ ನೀರು ತುಂಬಿದ ಚರಿಗೆಯಲ್ಲಿ ಮುಳುಗಿಸಿ ಆಡಲು ಹೋದೆ.

ಮೂರು ದಿನಕ್ಕೆ ಬಂದ ಆಯಿ ಮೂಸಿ ನೋಡಿದಳು. “ಸಿಪ್ಪಿ ಗಟ್ಟಿ ಐತಂತ ನೀರು ಕುಡಸಬೇಕಲೇ, ಬಾವ್ಯಾಗ ದೂಡೂದಲ್ಲ! ಒಳಗಿನ ಜೀವಕ್ಕ ಉಸಿರು ಬ್ಯಾಡೇನು?”

“ಬೀಜಾನ ಛಲೋ ಇರಲಿಲ್ಲ ಬೇ” ಎಂದೆ.

ಆ ವರ್ಷ ಹಿತ್ತಲ ಚಪ್ಪರ ಬರಿದಾಗಿಯೇ ಉಳಿಯಿತು.

ಈಗ ಜಮಖಂಡಿಯಲ್ಲಿ ಸಸ್ಯಶಾಸ್ತ್ರ ಕಲಿಸಿ ಕಲಿಸಿ ದಣಿದಿದ್ದೇನೆ. ಬೀಜದ ಸಿಪ್ಪೆಯ ವಿಷಯದಲ್ಲಿ ನನ್ನನ್ನು ಮೀರಿಸುವವರಿಲ್ಲ.

“ಏನ್ರೀ, ನೀವು ನೆನಸಿಟ್ಟ ಬೀಜ ನಾಕು ದಿನದಿಂದ ನೀರಾಗ ಅದಾವಲ್ಲ?” ಎಂದಳು ಹೆಂಡತಿ, ಬಟ್ಟಲು ಹಿಡಿದು.

“ಬೀಜಾನ ಛಲೋ ಇರಲಿಲ್ಲ” ಎಂದೆ.